ಮೂರರಿಂದ ಹನ್ನೊಂದರವರೆಗೆ, ಸೆಂಟರ್ ಏಳು

ಟರ್ನರ್ ಬರೆದ ಉತ್ತರ ಆ ದಿನವೂ |x| < 4 ಎಂದೇ ಇತ್ತು. ಪ್ರಶ್ನೆ ಕಷ್ಟದ್ದಲ್ಲ. ಸಂಖ್ಯಾರೇಖೆಯ ಮೇಲೆ 3ರಿಂದ 11ರವರೆಗೆ ಗೆರೆ ದಪ್ಪ ಮಾಡಿ, ಎರಡೂ ತುದಿಗೆ ಪೊಳ್ಳು ವೃತ್ತ ಹಾಕಿ ಕೊಟ್ಟಿದ್ದೆ. ಅಷ್ಟು ಭಾಗವನ್ನು ಒಂದೇ ಒಂದು ಮಾಡ್ಯುಲಸ್ ಅಸಮತೆಯಾಗಿ ಬರೆಯಬೇಕು. ಬರಬೇಕಾದ ಉತ್ತರ |x − 7| < 4. ಅಂದರೆ, ಏಳರಿಂದ ನಾಲ್ಕಕ್ಕಿಂತ ಕಡಿಮೆ ದೂರದಲ್ಲಿರುವ ಸಂಖ್ಯೆಗಳೆಲ್ಲ. ಅವರ ಉತ್ತರದಲ್ಲಿ ನಾಲ್ಕು ಇತ್ತು, ಏಳು ಇರಲಿಲ್ಲ. ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆದು ಪಕ್ಕದಲ್ಲಿ "ಎಷ್ಟು ಸಲ ಹೇಳಬೇಕು?" ಎಂದು ಬರೆದೆ. ಹಾಗೆ ಬರೆದದ್ದು ನನಗಿಂತ ಹದಿನಾಲ್ಕು ವರ್ಷ ದೊಡ್ಡವರ ಪುಸ್ತಕದಲ್ಲಿ ಎಂಬುದು ಬರೆದ ಮೇಲೆ ನೆನಪಾಯಿತು.

ಮಿಜಾರಿನ ಹತ್ತಿರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಆಗ ಅತಿಥಿ ಉಪನ್ಯಾಸಕಿ. ಶನಿವಾರ ಮಧ್ಯಾಹ್ನದ ಮೇಲೆ, ಆದಿತ್ಯವಾರ ಬೆಳಿಗ್ಗೆ, ಕೆಲಸದಲ್ಲಿರುವವರಿಗೆ ತರಗತಿ. ಐ.ಟಿ.ಐ. ಮಾಡಿ ಹತ್ತಿಪ್ಪತ್ತು ವರ್ಷ ದುಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆದರೆ ತಪ್ಪಿಹೋದ ಮೊದಲ ವರ್ಷದ ಗಣಿತವನ್ನು 'ಬ್ರಿಜ್' ಎಂಬ ಹೆಸರಿನಲ್ಲಿ ಪಾಸು ಮಾಡಲೇಬೇಕು. ಆ ಬ್ರಿಜ್ ದಾಟಿಸುವ ಕೆಲಸ ನನ್ನದು. ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಬಸ್ಸಿನಲ್ಲಿ ಬರುತ್ತಿದ್ದೆ. ತರಗತಿಯಲ್ಲಿ ಹನ್ನೊಂದು ಜನ. ಎಲೆಕ್ಟ್ರಿಷಿಯನ್‌ಗಳು, ವೆಲ್ಡರ್‌ಗಳು, ಒಬ್ಬ ಎ.ಸಿ. ಮೆಕ್ಯಾನಿಕ್, ಮತ್ತು ಈ ಟರ್ನರ್.

ಟರ್ನರ್ ಮುಂಡಾಜೆಯವರು. ಬೆಳ್ತಂಗಡಿಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ನಡೆಸುತ್ತಿದ್ದರು. ಎರಡನೇ, ಮೂರನೇ ವರ್ಷದ ಎಲ್ಲ ಪೇಪರುಗಳನ್ನೂ ಮೊದಲ ಹೊಡೆತಕ್ಕೇ ಮುಗಿಸಿದ್ದರು. ಬಾಕಿ ಉಳಿದದ್ದು ಈ ಬ್ರಿಜ್ ಗಣಿತ ಒಂದೇ. ಎರಡು ಸಲ ಕುಳಿತು ಎರಡೂ ಸಲ ಫೇಲು, ಒಮ್ಮೆ ನಾಲ್ಕು ಅಂಕಕ್ಕೆ, ಇನ್ನೊಮ್ಮೆ ಆರಕ್ಕೆ. ನಿಯಮದ ಪ್ರಕಾರ ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಪಾಸಾದ ಪೇಪರುಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅವರ ಮಾಲಿಕರು ಬಂಟ್ವಾಳದಲ್ಲಿ ಹೊಸ ಯುನಿಟ್ ತೆರೆಯುವವರಿದ್ದರು. ಅಲ್ಲಿ ತಯಾರಾದ ಮಾಲನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಷನ್ ಜಾಗವನ್ನು ಇವರಿಗೇ ಕೊಡುವುದು ಎಂದು ಮಾತಾಗಿತ್ತು. ಆದರೆ ಆ ಜಾಗಕ್ಕೆ ಡಿಪ್ಲೊಮಾ ಬೇಕು, ಮಾಲು ಕೊಳ್ಳುವ ಕಂಪನಿಯವರು ಕಾಗದ ಕೇಳುತ್ತಾರೆ. ಕಾಗದ ಇಲ್ಲದಿದ್ದರೆ ಇವರು ತಯಾರಿಸಿದ ಶಾಫ್ಟನ್ನು ಹೊರಗಿನಿಂದ ಬಂದ ಇಪ್ಪತ್ತೆರಡು ವರ್ಷದವನೊಬ್ಬ ಅಳೆದು ಸರಿಯೋ ತಪ್ಪೋ ಹೇಳುತ್ತಾನೆ.

ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಅಂತರಾಳ ಮತ್ತು ಅಸಮತೆಯ ಪ್ರಶ್ನೆ ಕಡ್ಡಾಯ. ಟರ್ನರ್ ಎರಡೂ ಸಲ ಅಂಕ ಚೆಲ್ಲಿದ್ದು ಅಲ್ಲೇ.

ನಾನು ಮೊದಲ ತಿಂಗಳು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೋರ್ಡಿನ ಮೇಲೆ ಸೂತ್ರ ಬರೆದೆ. ಎರಡು ತುದಿ ಕೂಡಿಸಿ ಅರ್ಧ ಮಾಡಿದರೆ ಮಧ್ಯಬಿಂದು, ಕಳೆದು ಅರ್ಧ ಮಾಡಿದರೆ ತ್ರಿಜ್ಯ, ಎರಡನ್ನೂ ಮಾಡ್ಯುಲಸ್‌ನ ಅಚ್ಚಿಗೆ ತುಂಬಿಸಿ. ಹನ್ನೊಂದು ಜನರೂ ಬರೆದುಕೊಂಡರು. ಮುಂದಿನ ವಾರ ಟೆಸ್ಟ್ ಕೊಟ್ಟರೆ ಕೂಡಿಸುವಲ್ಲಿ ಕಳೆದವರು, ಕಳೆಯುವಲ್ಲಿ ಕೂಡಿಸಿದವರು, ಅರ್ಧ ಮಾಡಲು ಮರೆತವರು. ಬಾಯಿಪಾಠ ಮಾಡಿದ್ದಕ್ಕೆ ಕೈಕಾಲು ಇರುವುದಿಲ್ಲವಷ್ಟೆ. ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿದೆ. ಸ್ವರ ಏರಿತು. ನನ್ನ ಸ್ವರ ಏರುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ ಎಂದು ಮನೆಯವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ.

ಮಳೆ ಹಿಡಿದ ಮೇಲೆ ಕತೆ ಇನ್ನೂ ಕೆಟ್ಟಿತು. ಒಂದು ಶನಿವಾರ ನೇತ್ರಾವತಿ ಬಂಟ್ವಾಳ ಪೇಟೆಯ ಕೆಳಗಿನ ರಸ್ತೆಗೆ ಬಂದು ನನಗೇ ಹೊರಡಲಿಕ್ಕಾಗಲಿಲ್ಲ. ಮರುದಿನ ಹೋದರೆ ಬಂದವರು ಐದೇ ಜನ. ಪರೀಕ್ಷೆಗೆ ಉಳಿದದ್ದು ಆರು ತರಗತಿ, ಮುಗಿಯಬೇಕಾದ ಪಾಠ ಇನ್ನೂ ಎರಡು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಮೇಡಂ, ಆ ಮಾಡ್ಯುಲಸ್ ಒಂದನ್ನು ಬಿಟ್ಟುಬಿಡಿ. ಅವರಿಗೆ ಅದು ಹತ್ತುದಿಲ್ಲ. ಉಳಿದ ಪೋರ್ಷನ್ ಮುಗಿಸಿ, ಪಾಸಾಗುವವರು ಆಗ್ತಾರೆ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹಲವು ಬ್ಯಾಚ್ ನೋಡಿ ಸುಸ್ತಾದವರು. ನನಗೂ ಅರ್ಧ ಮನಸ್ಸು ಬಂದಿತ್ತು.

ಆ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಟರ್ನರರ ಟೆಸ್ಟ್ ಪುಸ್ತಕ ತಿರುಗಿಸಿದೆ. 3ರಿಂದ 11ಕ್ಕೆ |x| < 4. 10ರಿಂದ 30ಕ್ಕೆ |x| < 10. ಮೊದಲ ವಾರದ ಟೆಸ್ಟಿನಲ್ಲಿ 20ರಿಂದ 26ಕ್ಕೆ |x| < 3. ಉಳಿದವರ ತಪ್ಪು ದಿನಕ್ಕೊಂದು ತರ. ಇವರದು ಒಂದೇ ತಪ್ಪು, ಎಲ್ಲ ಕಡೆ. ಅರ್ಧ ಉದ್ದ ಒಂದು ಸಲವೂ ತಪ್ಪಿಲ್ಲ, ಮಧ್ಯಬಿಂದು ಒಂದು ಸಲವೂ ಬರೆದಿಲ್ಲ. ಗೊತ್ತಿಲ್ಲದವರ ತಪ್ಪು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ತಿರುಗಿ ನೋಡಿದರೆ ಟರ್ನರ್ ಆಚೆ ಬದಿಯಲ್ಲಿ ವೇಣೂರು ದಾರಿಯ ಬಸ್ಸಿಗೆ ನಿಂತಿದ್ದಾರೆ.

ದಾಟಿ ಹೋಗಿ ಪುಸ್ತಕ ಬಿಡಿಸಿ ಕೇಳಿದೆ: "ಈ ನಾಲ್ಕು ಎಲ್ಲಿಂದ ತಂದದ್ದು ನೀವು?"

"ಹನ್ನೊಂದರಲ್ಲಿ ಮೂರು ಹೋದ್ರೆ ಎಂಟು, ಅರ್ಧ ನಾಲ್ಕು. ರೇಡಿಯಸ್ ಅಲ್ವಾ ಮೇಡಂ?"

"ಸರಿ. ಸೆಂಟರ್ ಎಲ್ಲಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಸೆಂಟರ್ ಬರೆಯುದು ಎಂತಕ್ಕೆ? ಸೆಂಟರ್ ಯಾವಾಗ್ಲೂ ಸೊನ್ನೆಯೇ. ಜಾಬ್ ಎಷ್ಟು ದೊಡ್ಡದಾದ್ರೂ ಸೆಂಟರ್ ಸೊನ್ನೆ."

ನನಗೆ ಅರ್ಥವಾಗಲಿಲ್ಲ. ಆದರೆ ಅವರಿಗೆ ಅರ್ಥವಾದದ್ದು ಏನೋ ಒಂದು ಇದೆ ಎಂಬುದು ಮಾತ್ರ ಗೊತ್ತಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎರಡು ತಿಂಗಳಿಂದ ನಾನು ಹೇಳುತ್ತಿದ್ದದ್ದೂ ಅದನ್ನೇ. ಬುಧವಾರ ನನಗೆ ರಜೆ, ನಿಮ್ಮ ವರ್ಕ್‌ಶಾಪ್ ನೋಡಲು ಬರಬಹುದಾ ಎಂದು ಕೇಳಿದೆ. "ಬನ್ನಿ ಮೇಡಂ, ಆದ್ರೆ ಸೀರೆಗೆ ಆಯಿಲ್ ಆಗ್ತದೆ" ಎಂದರು.

ಬುಧವಾರ ಚೂಡಿದಾರ ಹಾಕಿ ಬೆಳ್ತಂಗಡಿಗೆ ಹೋದೆ. ಉದ್ದನೆಯ ಶೆಡ್ಡು, ಸುಟ್ಟ ಎಣ್ಣೆಯ ವಾಸನೆ, ನೆಲದಲ್ಲಿ ಸುರುಳಿ ಸುರುಳಿ ಕಬ್ಬಿಣದ ಸಿಪ್ಪೆ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಮುದುಡಿ ಕೂರುವ ಮನುಷ್ಯ ಇಲ್ಲಿ ಲೇತಿನ ಮುಂದೆ ಎದೆಯೆತ್ತಿ ನಿಂತಿದ್ದರು. ಒಂದು ದುಂಡು ಕಬ್ಬಿಣ ತೆಗೆದು ಚಕ್ಕಿಗೆ ಸಿಕ್ಕಿಸಿದರು. ಚಕ್ ಎಂದರೆ ತಿರುಗುವಾಗ ಜಾಬನ್ನು, ಅಂದರೆ ಕಡೆಯಬೇಕಾದ ತುಂಡನ್ನು, ಹಿಡಿದುಕೊಳ್ಳುವ ಭಾಗ. ಅದಕ್ಕೆ ಮೂರು ಹಿಡಿಗಳು, ಅವರ ಭಾಷೆಯಲ್ಲಿ ಮೂರು 'ಜಾ'. ಕೀಲಿ ತಿರುಗಿಸಿದರೆ ಮೂರೂ ಒಟ್ಟಿಗೆ ಒಳಗೆ ಬರುತ್ತವೆ.

"ನೋಡಿ, ನಾನು ಸೆಂಟರ್ ಹುಡುಕುದೇ ಇಲ್ಲ. ಇದೇ ತಂದು ನಿಲ್ಲಿಸ್ತದೆ. ನಾನು ರೇಡಿಯಸ್ ಮಾತ್ರ ನೋಡುದು."

ಅಲ್ಲೇ ನನ್ನ ಎರಡು ತಿಂಗಳ ಕಗ್ಗಂಟು ಬಿಚ್ಚಿತು. ಇಪ್ಪತ್ತೆರಡು ವರ್ಷ ಯಂತ್ರವೇ ಮಧ್ಯವನ್ನು ಹುಡುಕಿ ಕೊಟ್ಟಿದೆ. ಇವರ ಕೈಗೆ ಉಳಿದದ್ದು ಅರ್ಧ ಉದ್ದ ಒಂದೇ. ಆ ಕೈ ಗಣಿತದ ಪುಸ್ತಕದಲ್ಲೂ ಅದನ್ನೇ ಮಾಡಿದೆ. ಈ ತಪ್ಪನ್ನು ಒಬ್ಬ ಒಳ್ಳೆಯ ಟರ್ನರ್ ಮಾತ್ರ ಮಾಡಬಲ್ಲ.

"ಹಾಗಾದ್ರೆ ಸೆಂಟರ್ ತಪ್ಪಿಸಿ ಹಿಡಿಯುವ ಕೆಲಸವೇ ಇಲ್ವಾ?" ಎಂದೆ.

"ಉಂಟಲ್ಲ!" ಎಂದು ಅವರು ಮೂಲೆಯ ಇನ್ನೊಂದು ಲೇತಿನ ಹತ್ತಿರ ಕರೆದುಕೊಂಡು ಹೋದರು. ತೋಟಕ್ಕೆ ಔಷಧಿ ಬಿಡುವ ಪಂಪಿನ ಶಾಫ್ಟ್ ಅಲ್ಲಿತ್ತು. ಅದರ ಒಂದು ಭಾಗ ಬೇಕೆಂದೇ ಪಕ್ಕಕ್ಕೆ ಸರಿದು, ಮುಖ್ಯ ಸೆಂಟರಿನಿಂದ ಎಂಟು ಮಿಲ್ಲಿಮೀಟರ್ ಆಚೆಗೆ ಕೂತಿರಬೇಕು. ಆಗಲೇ ಅದು ತಿರುಗುವಾಗ ಪಂಪಿನ ಪಿಸ್ಟನ್ ಮುಂದೆ ಹಿಂದೆ ಹೋಗುವುದು. ಇದಕ್ಕೆ ನಾಲ್ಕು ಜಾ ಚಕ್, ಒಂದೊಂದು ಜಾ ಕೂಡ ಬೇರೆ ಬೇರೆಯಾಗಿ ಚಲಿಸುವಂಥದ್ದು. ಮೊದಲು ಕಬ್ಬಿಣದ ಮುಖದ ಮೇಲೆ ಹೊಸ ಸೆಂಟರ್ ಗುರುತು ಹಾಕುತ್ತಾರೆ. ಆ ಭಾಗ ಬರಬೇಕಾದ ಎರಡು ಅಂಚಿನಿಂದಲೂ ಒಂದೇ ಅಳತೆ ಇಟ್ಟು ಗೀರಿ, ಗೀರು ಕೂಡುವಲ್ಲಿ ಪಂಚ್ ಎಂಬ ಚೂಪು ಉಳಿಯಿಂದ ಹೊಡೆದು ಚುಕ್ಕೆ ಮಾಡುತ್ತಾರೆ. ಮತ್ತೆ ಒಂದು ಜಾ ಸಡಿಲಿಸಿ, ಎದುರಿನದನ್ನು ಬಿಗಿದು, ಕೈಯಲ್ಲಿ ನಿಧಾನ ತಿರುಗಿಸಿ ನೋಡುತ್ತಾರೆ. ಪಂಚಿನ ಚುಕ್ಕೆ ಕುಣಿಯುವುದು ನಿಲ್ಲುವವರೆಗೆ ಇದೇ ಕೆಲಸ. ನಾನು ನೋಡನೋಡುತ್ತ ಅರ್ಧ ಗಂಟೆ ಹೋಯಿತು. ಕೊನೆಗೆ ಚುಕ್ಕೆ ನಿಂತಿತು. ಸುತ್ತಲಿನ ಕಬ್ಬಿಣವೆಲ್ಲ ಓಲಾಡುತ್ತ ಸುತ್ತುತ್ತಿದ್ದರೂ ಚುಕ್ಕೆ ಮಾತ್ರ ನಿಂತಲ್ಲೇ ನಿಂತಿತ್ತು.

"ಇನ್ನು ಇದಕ್ಕೆ ಇದೇ ಸೊನ್ನೆ" ಎಂದರು ಟರ್ನರ್.

ನಾನು ಅಲ್ಲಿ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ಶೆಡ್ಡಿನ ತಗಡಿನ ಮೇಲೆ |x − 7| < 4 ಎಂದು ಬರೆದೆ. "ಇದು ನಾಲ್ಕು ಜಾ ಚಕ್. ಮೂರರಿಂದ ಹನ್ನೊಂದರವರೆಗಿನ ಜಾಬ್ ಉಂಟು. ಸೆಂಟರ್ ಸೊನ್ನೆಯಲ್ಲಿ ಇಲ್ಲ, ಏಳರಲ್ಲಿ ಉಂಟು. ಏಳು ಕಳೆಯುವುದು ಅಂದ್ರೆ ಏಳನ್ನು ತಂದು ಸೊನ್ನೆಯಲ್ಲಿ ನಿಲ್ಲಿಸುವುದು. ನೀವು ಬರೀತಿದ್ದದ್ದು ಮೂರು ಜಾ."

ಅವರು ತಗಡನ್ನೇ ನೋಡುತ್ತ ನಿಂತರು. ಮತ್ತೆ ನಿಧಾನವಾಗಿ, "ಅಯ್ಯೋ ಮಾರಾಯ್ರೇ" ಎಂದರು. "ಇದನ್ನು ಎರಡು ವರ್ಷದ ಹಿಂದೆ ಯಾರಾದ್ರೂ ಹೇಳ್ಬಾರ್ದಿತ್ತಾ?"

ನಿರ್ಧಾರ ಬೆಳ್ತಂಗಡಿಯಿಂದ ಹಿಂದೆ ಬರುವ ಬಸ್ಸಿನಲ್ಲೇ ಆಯಿತು. ಉಳಿದ ಆರು ತರಗತಿಯಲ್ಲಿ ಮೂರನ್ನು ಇದಕ್ಕೇ ಇಡುವುದು, ಸೂತ್ರವನ್ನು ಬೋರ್ಡಿನಿಂದ ಒರೆಸಿಬಿಡುವುದು. ಉಳಿದ ಎರಡು ಪಾಠದಲ್ಲಿ ಒಂದನ್ನು, ಪರೀಕ್ಷೆಯಲ್ಲಿ ಅದಕ್ಕೆ ಆಯ್ಕೆ ಇರುವುದರಿಂದ, ಬಿಡಬಹುದು. ಮುಖ್ಯಸ್ಥರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ, "ಫಲಿತಾಂಶ ಕೆಟ್ಟರೆ ಮುಂದಿನ ವರ್ಷ ನಿಮ್ಮನ್ನು ಕರೆಯುವುದು ನನಗೆ ಕಷ್ಟ ಆಗ್ತದೆ" ಎಂದಷ್ಟೇ ಹೇಳಿದರು. ಹೆದರಿಕೆ ಆಯಿತು. ಆದರೂ ನಿರ್ಧಾರ ಬದಲಿಸದೆ ಅಲ್ಲಿಂದ ಎದ್ದು ಬಂದೆ.

ಶನಿವಾರ ಟರ್ನರ್ ದಪ್ಪ ಅಳೆಯುವ ಒಂದು ವರ್ನಿಯರ್ ತಂದಿದ್ದರು. ನಾನು ಬೆಂಚುಗಳನ್ನು ಸಾಲು ಮಾಡಿ, ಅವುಗಳ ಮೇಲೆ ಬಡಗಿಯ ಅಳತೆ ಟೇಪು ಎಳೆದು ಸಂಖ್ಯಾರೇಖೆ ಮಾಡಿದೆ. ಸೊನ್ನೆಯ ಎಡಕ್ಕೆ ಮೈನಸ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಅಂಟಿಸಿದೆ. ಎ.ಸಿ. ಮೆಕ್ಯಾನಿಕ್ ಕೂಡಲೇ ಕೇಳಿದರು: "ಮೈನಸ್ ಮಿಲ್ಲಿಮೀಟರ್ ಉಂಟಾ ಮೇಡಂ?" ನಾನು ಬಾಯಿ ತೆರೆಯುವ ಮೊದಲೇ ಟರ್ನರ್ ವರ್ನಿಯರ್ ಎತ್ತಿ ಹಿಡಿದರು.

"ಜಾಗಕ್ಕೆ ಮೈನಸ್ ಉಂಟು, ಅಳತೆಗೆ ಇಲ್ಲ. ಮಾಡ್ಯುಲಸಿನ ಈ ಎರಡು ನಿಂತ ಗೀಟು ಉಂಟಲ್ಲ, ಅದು ವರ್ನಿಯರಿನ ಎರಡು ದವಡೆ. ಎಡದಿಂದ ಹಿಡಿ, ಬಲದಿಂದ ಹಿಡಿ, ಅದು ದೂರ ಮಾತ್ರ ಹೇಳುದು."

ಎಂಟು ವರ್ಷದಿಂದ ಮಾಡ್ಯುಲಸ್ ಕಲಿಸುತ್ತಿದ್ದೇನೆ, ಇಷ್ಟು ಚೆನ್ನಾಗಿ ನಾನು ಹೇಳಿದ್ದಿಲ್ಲ. ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

ಎಲ್ಲವೂ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಮರುದಿನ −9ರಿಂದ 3ರವರೆಗೆ, ತುದಿಗಳೂ ಸೇರಿ, ಎಂದು ಕೊಟ್ಟೆ. ಟರ್ನರ್ ಮಧ್ಯಬಿಂದು ಮೈನಸ್ ಮೂರು ಎಂದು ಟೇಪಿನ ಮೇಲೆ ಸರಿಯಾಗಿ ತೋರಿಸಿದರು. ಆದರೆ ಬರೆಯುವಾಗ |x − 3| ≤ 6 ಎಂದು ಬರೆದರು. ಮೂರು ಕಂಡಿತು, ಮೈನಸ್ಸೂ ಕಂಡಿತು, ಇನ್ನೇನು ಬೇಕು? ಮೈನಸ್ ಮೂರನ್ನು ಕಳೆದರೆ ಪ್ಲಸ್ ಮೂರಾಗುತ್ತದೆ ಎಂದು ನಾನು ನಾಲ್ಕು ರೀತಿಯಲ್ಲಿ ಹೇಳಿದೆ. ತಲೆ ಅಲ್ಲಾಡಿಸಿದರು. ಮುಂದಿನ ಲೆಕ್ಕದಲ್ಲೂ ಅದೇ ತಪ್ಪು. ನನ್ನ ಸ್ವರ ಏರಲು ಶುರುವಾಯಿತು. ಅವರು ಪೆನ್ನು ಕೆಳಗಿಟ್ಟು, "ಹೀಗೆ ಬೇಡ ಮೇಡಂ. ಶಾಪಿನಲ್ಲಿ ನಾವು ಜಾಬ್ ಬಿಚ್ಚುವ ಮೊದ್ಲು ಎರಡೂ ಬದಿ ಮುಟ್ಟಿಸಿ ನೋಡ್ತೇವೆ. ಇಲ್ಲಿಯೂ ಹಾಗೆಯೇ ತುದಿ ಹಾಕಿ ನೋಡುವ" ಎಂದರು.

ನೋಡಿದರು. x ಇದ್ದಲ್ಲಿ 3 ಹಾಕಿದರೆ ಸೊನ್ನೆ ಬಂತು. −9 ಹಾಕಿದರೆ ಹನ್ನೆರಡು ಬಂತು. ಎರಡೂ ಆರು ಬರಬೇಕಿತ್ತು.

"ಒಂದು ಬದಿ ಸೊನ್ನೆ, ಒಂದು ಬದಿ ಹನ್ನೆರಡು. ಜಾಬ್ ಕುಣಿಯುತ್ತಾ ಉಂಟು!" ಎಂದು ಅವರೇ ನಕ್ಕರು. ಅಳಿಸಿ |x + 3| ≤ 6 ಬರೆದು ಮತ್ತೆ ಎರಡೂ ತುದಿ ಹಾಕಿದರು. ಆರು, ಆರು. "ಈಗ ನಿಂತಿತು."

ಆ ದಿನದಿಂದ ನಮ್ಮ ತರಗತಿಯ ಕ್ರಮ ಅದೇ ಆಯಿತು. ತುದಿ ಹಾಕಿ ನೋಡದ ಉತ್ತರಕ್ಕೆ ನಾನು ಸರಿ ಹಾಕುತ್ತಿರಲಿಲ್ಲ. −1ಕ್ಕಿಂತ ಕಡಿಮೆ ಅಥವಾ 9ಕ್ಕಿಂತ ಹೆಚ್ಚು ಎಂಬಂಥ ಹೊರಗಿನ ಭಾಗ ಬಂದಾಗ ಎಲ್ಲರೂ ಇನ್ನೊಮ್ಮೆ ತಡವರಿಸಿದರು. ಒಬ್ಬರು 9 < x < −1 ಎಂದೇ ಬರೆದಿಟ್ಟರು. ಆಗ ಟರ್ನರ್, "ಇದು ಸ್ಕ್ರ್ಯಾಪ್ ಡಬ್ಬಿ. ದಪ್ಪ ಆದದ್ದೂ ಇದಕ್ಕೇ, ಸಪೂರ ಆದದ್ದೂ ಇದಕ್ಕೇ. ಸೆಂಟರಿಂದ ಐದಕ್ಕಿಂತ ದೂರ ಹೋದ್ರೆ ಡಬ್ಬಿಗೆ" ಎಂದು ಎದ್ದು ಬಂದು ಬೋರ್ಡಿನಲ್ಲಿ |x − 4| > 5 ಬರೆದರು. ಎರಡು ತಿಂಗಳು ಕೊನೆಯ ಬೆಂಚು ಬಿಟ್ಟು ಏಳದ ಮನುಷ್ಯ. ಸೀಮೆಸುಣ್ಣವನ್ನು ಅವರು ಕಟಿಂಗ್ ಟೂಲ್ ಹಿಡಿದ ಹಾಗೆ ಹಿಡಿದಿದ್ದರು.

ಪರೀಕ್ಷೆಯ ದಿನ ನಾನು ಕೋಣೆಯ ಹೊರಗೆ ಕಾಯಬಾರದು ಎಂದುಕೊಂಡಿದ್ದೆ, ಆದರೂ ಕಾದೆ. ಹೊರಗೆ ಬಂದ ಟರ್ನರ್ ಪ್ರಶ್ನೆಪತ್ರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಕಡ್ಡಾಯದ್ದು ಎಲ್ಲ ಮಾಡಿದ್ದೇನೆ. ತುದಿ ಹಾಕಿ ನೋಡಿದ್ದೇನೆ" ಎಂದರು.

ಫಲಿತಾಂಶ ಬಂದಾಗ ಹನ್ನೊಂದರಲ್ಲಿ ಒಂಬತ್ತು ಜನ ಪಾಸು. ಟರ್ನರರಿಗೆ ನೂರಕ್ಕೆ ಅರವತ್ತೆರಡು. ಫೋನಿನಲ್ಲಿ ಅವರು ಹೇಳಿದ್ದು ಎರಡೇ ಮಾತು: "ಆಯ್ತು ಮೇಡಂ." ನಾನು ಬಂಟ್ವಾಳ ಪೇಟೆಯ ಒಂದು ಅಂಗಡಿಯೊಳಗೆ ತರಕಾರಿ ಆರಿಸುತ್ತಿದ್ದೆ. ಕೈಯಲ್ಲಿದ್ದ ಬೆಂಡೆಕಾಯಿ ಹಾಗೆಯೇ ಹಿಡಿದು ಅತ್ತೆ. ಅಂಗಡಿಯವರು ಗಾಬರಿಯಾಗಿ ನೀರು ಕೊಟ್ಟರು. ಮುಖ್ಯಸ್ಥರು ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ನನ್ನ ಹೆಸರನ್ನು ಏನೂ ಹೇಳದೆ ಸೇರಿಸಿದರು.

ಹೊಸ ಯುನಿಟ್ ಶುರುವಾಗಿ ಕೆಲವು ತಿಂಗಳಾದ ಮೇಲೆ ಟರ್ನರ್ ನನ್ನನ್ನು ಕರೆದರು. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಇನ್‌ಸ್ಪೆಕ್ಷನ್ ಮೇಜಿನ ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವರು, ಎದುರು ಸಾಲಾಗಿ ಶಾಫ್ಟ್‌ಗಳು, ಮೂವರು ಹೊಸ ಕೆಲಸಗಾರರು, ಗೋಡೆಯಲ್ಲಿ ಒಂದು ಬಿಳಿ ಬೋರ್ಡು.

"ಇವರು ನನ್ನ ಗಣಿತದ ಮೇಡಂ" ಎಂದು ಆ ಮೂವರಿಗೂ ಪರಿಚಯ ಮಾಡಿಕೊಟ್ಟರು. "ಮೇಡಂ, ಈ ಡ್ರಾಯಿಂಗಿನ ಅಳತೆಗೆ ಒಂದು ಮಾಡ್ಯುಲಸ್ ಬೋರ್ಡಿನಲ್ಲಿ ಬರೆದು ಕೊಡಿ. ಇವರು ದಿನಾ ನೋಡ್ಲಿ. ನಿಮ್ಮ ಕೈಯಲ್ಲಿಯೇ ಆಗ್ಬೇಕು."

ಡ್ರಾಯಿಂಗ್ ನೋಡಿದೆ. ಶಾಫ್ಟಿನ ವ್ಯಾಸ d, 25 ಮಿಲ್ಲಿಮೀಟರ್. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಎಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎಂಬ ಮಿತಿ: ಮೇಲೆ +0.02, ಕೆಳಗೆ −0.08. ಹೆಮ್ಮೆಯಿಂದ ನನ್ನ ಎದೆ ಉಬ್ಬಿತ್ತು, ಮೂವರು ನೋಡುತ್ತಿದ್ದರು, ಪೆನ್ನು ಕೈಯಲ್ಲಿತ್ತು. ದೊಡ್ಡದಾಗಿ ಬರೆದೆ: |d − 25| ≤ 0.08.

ಟರ್ನರ್ ನನ್ನ ಹತ್ತಿರ ಬಂದರು. ಮತ್ತೆ ಮೂವರಿಗೂ ಕೇಳಿಸದಷ್ಟು ಮೆಲ್ಲಗೆ, "ಮೇಡಂ, ತುದಿ ಹಾಕಿ ನೋಡುವ" ಎಂದರು.

ನೋಡಿದೆ. ನನ್ನ ಅಸಮತೆಯಲ್ಲಿ 25.08ರ ಶಾಫ್ಟೂ ಪಾಸಾಗುತ್ತಿತ್ತು. ಡ್ರಾಯಿಂಗಿನಲ್ಲಿ 25.02ರಿಂದ ಮೇಲೆ ಬಿಡುವುದೇ ಇಲ್ಲ. ಕಾಗದದಲ್ಲಿ 25 ಎಂದು ಕಂಡಕೂಡಲೇ ಅದೇ ಸೆಂಟರ್ ಎಂದುಕೊಂಡಿದ್ದೆ, ಮೂರು ಜಾ ಚಕ್ಕಿನ ಹಾಗೆ.

ಪೆನ್ನನ್ನು ಅವರಿಗೇ ಕೊಟ್ಟೆ. "ನೀವೇ ಬರೆಯಿರಿ" ಎಂದು ಗಟ್ಟಿಯಾಗಿಯೇ ಹೇಳಿದೆ, ಮೂವರಿಗೂ ಕೇಳಲಿ ಎಂದು. "ನಾನು ಸೆಂಟರ್ ತಪ್ಪಿದೆ."

ಅವರು ಬೋರ್ಡು ಒರೆಸಿ, 24.92 ಮತ್ತು 25.02 ಎಂದು ಎರಡು ತುದಿ ಬರೆದುಕೊಂಡು, ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮತ್ತೆ ಬರೆದರು: |d − 24.97| ≤ 0.05. ಎರಡೂ ತುದಿ ಹಾಕಿ ನೋಡಿದರು. ಮೂವರ ಕಡೆಗೆ ತಿರುಗಿ, "ಡ್ರಾಯಿಂಗಿನಲ್ಲಿ ದೊಡ್ಡದಾಗಿ ಬರೆದದ್ದೆಲ್ಲ ಸೆಂಟರ್ ಅಲ್ಲ. ಮೊದ್ಲು ಸೆಂಟರ್ ಹುಡುಕ್ಬೇಕು, ಆಯ್ತಾ?" ಎಂದರು.

ತರಗತಿಯಲ್ಲಿ ನಾನು ಅವರಿಗೆ ಎಷ್ಟೋ ಸಲ ಬೈದು ಹೇಳಿದ ಮಾತು ಅದು. ಅವರು ಬೈಯದೆ ಹೇಳಿದರು. ಬೋರ್ಡಿನ ಮೇಲಿನ ಅಕ್ಷರ ನನ್ನದಲ್ಲ ಎಂಬುದೇ ನನಗೆ ದೊಡ್ಡ ಹೆಮ್ಮೆಯಾಯಿತು. ಮೊಬೈಲ್ ತೆಗೆದು ಬೋರ್ಡಿನ ಫೋಟೋ ಹೊಡೆದೆ, ಮತ್ತೆ ಆಟೋ ಹತ್ತಿ ಮನೆಗೆ ಬಂದೆ. ಈಗಲೂ ಪ್ರತಿ ಹೊಸ ಬ್ಯಾಚಿಗೆ ಈ ಪಾಠ ಶುರು ಮಾಡುವಾಗ ಮೊದಲು ಆ ಫೋಟೋ ತೋರಿಸುತ್ತೇನೆ. ಮತ್ತೆ ನಾನು ಬರೆದ ತಪ್ಪನ್ನೂ ಪಕ್ಕದಲ್ಲೇ ಬರೆದು, ಯಾರದು ಸರಿ ಎಂದು ತುದಿ ಹಾಕಿ ನೋಡಲು ಹೇಳುತ್ತೇನೆ.